ನಾನು ಹುಟ್ಟಿದ ಜುಲೈ

ನಮ್ಮ ಟವೆಲ್ ಕಾರ್ಖಾನೆಯಲ್ಲಿ ಜೂನ್ ಒಂದರಂದು ಯಾರೂ ಹುಟ್ಟುಹಬ್ಬದ ಪೇಡೆ ಹಂಚುವುದಿಲ್ಲ. ಹಂಚಿದರೆ ತಿನ್ನುವವರೇ ಸಿಗಲಿಕ್ಕಿಲ್ಲ. ನನ್ನ ವಯಸ್ಸಿನವರು ಬಹುಪಾಲು ಅಂದೇ ಹುಟ್ಟಿದವರು, ಕಾಗದದ ಮೇಲೆ. ಹಳ್ಳಿಗಳಿಂದ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿಗೆ ಬಂದ ನಮಗೆಲ್ಲ ಜನ್ಮ ಕೊಟ್ಟವರು ತಾಯಂದಿರು, ಜನ್ಮದಿನ ಕೊಟ್ಟವರು ಹೆಡ್‌ಮಾಸ್ತರರು. ಶಾಲೆಗೆ ಹೆಸರು ಹಚ್ಚುವಾಗ ಅಪ್ಪಂದಿರು ತಾರೀಕು ಗೊತ್ತಿಲ್ಲದೆ ತಲೆ ಕೆರೆದುಕೊಂಡರೆ, ಅವರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು.

ನನ್ನವ್ವ ಇದನ್ನು ಒಂದು ದಿನವೂ ಒಪ್ಪಿದವಳಲ್ಲ. ನಮ್ಮೂರು ಚಪಳಗಾಂವದಲ್ಲಿ ನನ್ನನ್ನು ಹಡೆದ ಹೊತ್ತಿಗೆ, ಮನುಷ್ಯರು ಚಂದ್ರನ ಮೇಲೆ ಕಾಲಿಟ್ಟರೆಂದು ಚಾವಡಿಯ ರೇಡಿಯೊ ಹೇಳುತ್ತಿತ್ತಂತೆ. "ಸೋಮವಾರ ಮುಂಜಾನಿ. ಮನಿಮಂದೀದೆಲ್ಲ ಉಪಾಸ ಇತ್ತು," ಎನ್ನುತ್ತಾಳೆ.

ಈಚೆಗೆ ಅವ್ವನ ನೆನಪು ಮಾಸುತ್ತಿದೆ. ಕನ್ನಡಕ ಎಲ್ಲಿಟ್ಟೆ ಎಂಬುದರಿಂದ ಹಿಡಿದು ಮೊಮ್ಮಕ್ಕಳ ಹೆಸರಿನ ತನಕ ಮನೆಯವರೆಲ್ಲ ಅವಳನ್ನು ತಿದ್ದುವವರೇ. ನಾನಾದರೂ ಸುಮ್ಮನಿರಬಾರದಿತ್ತೆ? ಮೊಬೈಲಿನಲ್ಲಿ ಹುಡುಕಿ, "ಅವ್ವಾ, ಚಂದ್ರನ ಮ್ಯಾಲ ಇಳಿದದ್ದು ಜುಲೈ ಇಪ್ಪತ್ತು, ಐತವಾರ. ನಿಂಗ ನೆಪ್ಪಿಲ್ಲ," ಎಂದುಬಿಟ್ಟೆ.

"ಹಡದಾಕಿ ನಾನೋ, ನಿನ್ನ ಮೊಬೈಲೋ?" ಎಂದವಳೇ ಎದ್ದು ಒಳಗೆ ಹೋದಳು. ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದ ಒಂದೇ ಒಂದು ದಿನವನ್ನೂ ನಾನು ಕಸಿದುಕೊಂಡಿದ್ದೆ. ಇದರ ಇತ್ಯರ್ಥ ಮಾಡಿಯೇ ತೀರಬೇಕೆಂದು ರಜೆ ಹಾಕಿ ಸೊಲ್ಲಾಪುರದ ಹಳೆಯ ವಾಚನಾಲಯಕ್ಕೆ ಹೋದೆ.

ಅಲ್ಲಿ ೧೯೬೯ರ ಜುಲೈ ತಿಂಗಳ ಮರಾಠಿ ಪತ್ರಿಕೆಗಳ ಕಟ್ಟು ಸಿಕ್ಕಿತು. ಎಂಥ ತಿಂಗಳಪ್ಪಾ ಅದು! ಎಲ್ಲೋ ಎರಡು ಪುಟ್ಟ ದೇಶಗಳು ಫುಟ್‌ಬಾಲ್ ಪಂದ್ಯದಿಂದ ಕೆರಳಿ ಯುದ್ಧಕ್ಕೇ ನಿಂತಿದ್ದವು. ನಮ್ಮಲ್ಲಿ ಹದಿನಾಲ್ಕು ಬ್ಯಾಂಕುಗಳು ರಾತ್ರೋರಾತ್ರಿ ಸರ್ಕಾರದವಾಗಿದ್ದವು. ಓದುತ್ತ ಓದುತ್ತ ಬಂದ ಕೆಲಸವನ್ನೇ ಮರೆತಿದ್ದೆ. ಕೊನೆಗೆ ಮಂಗಳವಾರದ ಹಾಳೆ ತೆರೆದರೆ, ಮನುಷ್ಯ ಚಂದ್ರನ ಮೇಲೆ ನಡೆದದ್ದು "ನಿನ್ನೆ ಬೆಳಿಗ್ಗೆ" ಎಂದಿತ್ತು. ಅಮೆರಿಕದಲ್ಲಿ ಇನ್ನೂ ಐತವಾರ ಮುಗಿಯದಿದ್ದಾಗ ನಮ್ಮಲ್ಲಿ ಸೋಮವಾರದ ಬೆಳಗಾಗಿತ್ತು. ಸೂರ್ಯ ನಮಗೆ ಮೊದಲು ಹುಟ್ಟುತ್ತಾನೆಂಬ ಸಾಲಿ ಪಾಠ ನನಗೆ ನೆಪ್ಪಿರಲಿಲ್ಲ!

ಮನೆಗೆ ಬಂದು, "ತಪ್ಪಾತವ್ವಾ, ಸೋಮವಾರನ ಖರೆ," ಎಂದೆ. ಅವಳು ಜೋಳ ಹಸನು ಮಾಡುತ್ತಲೇ, "ಮೊದ್ಲ ಹೇಳಿದ್ನಲ್ಲ," ಎಂದಳು.

"ಸೂಲಗಿತ್ತಿ ಏನಂದ್ಲು ಅವತ್ತ?"

"ಆಕಿ ಎಲ್ಲಿದ್ಲು? ರೇಡಿಯೊ ಕೇಳಾಕ ಹೋಗಿದ್ಲು. ಊರ ಮಂದಿಯೆಲ್ಲ ಚಾವಡ್ಯಾಗ. ನೀ ಬಂದಿದ್ದು ನಾ ಒಬ್ಬಾಕಿನ ನೋಡೀನಿ."

ಚಂದ್ರನ ಸುದ್ದಿಗೆ ಜಗತ್ತೇ ಸಾಕ್ಷಿ. ನನ್ನ ಸುದ್ದಿಗೆ ಇದ್ದ ಒಬ್ಬಳೇ ಸಾಕ್ಷಿಯನ್ನು ನಾನೇ ಸುಳ್ಳು ಮಾಡಹೊರಟಿದ್ದೆ.

ಆಧಾರ್ ಕಾರ್ಡಿನಲ್ಲಿ ಜೂನ್ ಒಂದು ಇದ್ದರೆ ಇರಲಿ. ಅದನ್ನು ತಿದ್ದಿಸುವುದಕ್ಕಿಂತ ಇನ್ನೊಮ್ಮೆ ಹುಟ್ಟುವುದು ಸುಲಭ. ಆದರೆ ಈ ಸಲ ಜುಲೈ ಇಪ್ಪತ್ತೊಂದಕ್ಕೆ ಕಾರ್ಖಾನೆಯಲ್ಲಿ ಪೇಡೆ ಹಂಚಿಯೇ ಹಂಚುತ್ತೇನೆ. ಪುರಾವೆ ಬೇಕೆಂದವರು ಮನೆಗೆ ಬಂದು ಅವ್ವನನ್ನು ಕೇಳಲಿ. ಐತವಾರ ಎಂದು ಮಾತ್ರ ಅಪ್ಪಿತಪ್ಪಿಯೂ ಅನ್ನಬಾರದು.