ಅರವತ್ತರಂತೆ ಇಳಿದ ಫರ್ನೇಸು

ಪೀಣ್ಯದ ಒಂದು ಫ್ಯಾಕ್ಟರೀಲಿ ಕ್ವಾಲಿಟಿ ಚೆಕ್ಕಿಂಗ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೆ, ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಸೂಪರ್‌ವೈಸರ್ ಒಂದು ಹಾಳೆ ತಂದು ಮೇಜಿನ ಮೇಲೆ ಎಸೆದು, "ಸೈನ್ ಹಾಕಮ್ಮ, ಲಾರಿ ಕಾಯ್ತಿದೆ" ಅಂದ್ರು. ನಮ್ಮಲ್ಲಿ ಉಕ್ಕಿನ ಶಾಫ್ಟ್‌ಗಳನ್ನ ಫರ್ನೇಸ್ ಅನ್ನೋ ಕುಲುಮೇಲಿ ಕೆಂಪಗೆ ಕಾಯಿಸಿ, ಅದನ್ನ ಆಫ್ ಮಾಡಿ, ಬಾಗಿಲು ತೆಗೀದೆ ಒಳಗೇ ಆರೋಕೆ ಬಿಡ್ತೀವಿ. ಗಂಟೆಗೊಂದು ಸಲ ಮೀಟರ್ ನೋಡಿ ಎಷ್ಟು ಡಿಗ್ರಿ ಅಂತ ಬರೀಬೇಕು. ಅದರ ಹಾಳೆ ಅದು.

ಎಂಟುನೂರ ಮೂವತ್ತು, ಏಳುನೂರ ಎಪ್ಪತ್ತು, ಏಳುನೂರ ಹತ್ತು, ಆರುನೂರ ಐವತ್ತು. ಕೊನೇವರೆಗೂ ಅರವತ್ತು ಅರವತ್ತೇ ಇಳಿದಿತ್ತು. ಅಬ್ಬಬ್ಬಾ, ಎಂಥ ಶಿಸ್ತಿನ ಫರ್ನೇಸು! ಯಾರ ಕಿವಿ ಮೇಲೆ ಹೂ ಇಡ್ತಾರೆ ಇವರು?

ಪಿಯುಸಿಯಲ್ಲಿ ನಮ್ಮ ಲೆಕ್ಕದ ಮೇಡಂ ಬೈದೂ ಬೈದೂ ಕಲಿಸಿದ್ದು ಇದೇ. ಟೇಬಲ್ ಕೊಟ್ಟರೆ ಮೊದಲು ಕಳೆದು ನೋಡು. ವ್ಯತ್ಯಾಸ ಒಂದೇ ಬಂದ್ರೆ ಸರಳರೇಖೆ. ವ್ಯತ್ಯಾಸಗಳು ಒಂದೇ ಅನುಪಾತದಲ್ಲಿ ಕುಗ್ಗುತ್ತಾ ಹೋದ್ರೆ ಘಾತೀಯ, ಅಂದ್ರೆ ಬಾಗೋ ಗೆರೆ. ಬಿಸಿ ಆರೋದು ಈ ಎರಡನೇ ಥರ, ಮೊದಲು ಬೇಗ, ಆಮೇಲೆ ನಿಧಾನ. ಕಾಫಿ ಆರಿಸ್ಕೊಂಡು ಕುಡಿದವರಿಗೆಲ್ಲ ಗೊತ್ತು.

"ಇದನ್ನ ಕೂತ್ಕೊಂಡು ಬರ್ದಿದ್ದಾರೆ ಸಾರ್, ಮೀಟರ್ ನೋಡೇ ಇಲ್ಲ. ನಾನು ಸೈನ್ ಹಾಕಲ್ಲ."

"ಕಾಲೇಜ್ ಲೆಕ್ಕ ಇಲ್ಲಿ ನಡಿಯಲ್ಲ ಕಣಮ್ಮ. ನಿನಗ್ಯಾಕೆ ಊರ ಉಸಾಬರಿ?"

ಊರ ಉಸಾಬರಿನಾ! ಆ ಶಾಫ್ಟ್ ಹೋಗೋದು ಬಸ್ಸಿನ ಸ್ಟೀರಿಂಗಿಗೆ. ಆತುರಕ್ಕೆ ಬಾಗಿಲು ಮುಂಚೆ ತೆಗೆದಿದ್ರೆ ಉಕ್ಕು ಪೆಡಸಾಗಿ ಒಂದಿನ ಪಟ್ಟಂತ ಮುರಿಯುತ್ತೆ. ದಿನಾ ಬಸ್ಸಲ್ಲೇ ಓಡಾಡೋಳು ನಾನು. ಮೈಯೆಲ್ಲ ಉರಿದುಹೋಯ್ತು. ಸೈನ್ ಹಾಕಲಿಲ್ಲ, ಲಾರಿ ಖಾಲಿ ಹೋಯ್ತು.

ಮಾರನೇ ದಿನ ಬೆಳಿಗ್ಗೆ ಇನ್ನೊಂದು ಲೋಡ್ ಕಾಯಿಸಿ ಅದೇ ಫರ್ನೇಸ್ ಆಫ್ ಮಾಡಿದ್ರು. ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತು ಗಂಟೆಗಂಟೆಗೂ ನಾನೇ ಬರೆದೆ. ಮೊದಲ ಗಂಟೆ ಇಳಿದಿದ್ದು ಎಂಬತ್ತು, ಆಮೇಲೆ ಎಪ್ಪತ್ತೆರಡು, ಆಮೇಲೆ ಅರವತ್ತೈದು. ಪ್ರತಿ ಸಲವೂ ಹೆಚ್ಚುಕಮ್ಮಿ ಹಿಂದಿನದರ ಹತ್ತರಲ್ಲಿ ಒಂಬತ್ತು ಪಾಲು. ಸಂಜೆ ಎಲ್ಲರೆದುರಿಗೇ ಎರಡೂ ಹಾಳೆ ಪಕ್ಕಪಕ್ಕ ಇಟ್ಟೆ.

ಸೂಪರ್‌ವೈಸರ್ ಮುಖ ಗಂಟಾಯ್ತು. "ಸೋಮವಾರದಿಂದ ನೀನು ಬರೋದು ಬೇಡ" ಅಂದ್ರು.

ಭಯ ಆಗ್ಲಿಲ್ಲ ಅಂದ್ರೆ ಸುಳ್ಳು. ಆದ್ರೂ ಪೆನ್ನು ಚಾಚಿದೆ. "ಯಾಕೆ ಬೇಡ ಅಂತ ಬರೆದು, ಸೈನ್ ಹಾಕಿ ಕೊಡಿ ಸಾರ್."

ಪೆನ್ನು ನೋಡಿದ್ರು, ನನ್ನ ನೋಡಿದ್ರು, ಪೆನ್ನು ಮಾತ್ರ ಮುಟ್ಟಲಿಲ್ಲ. ಸೋಮವಾರ ಎಂಟಕ್ಕೇ ಹೋಗಿ ಹಾಜರಿ ಪಂಚ್ ಮಾಡಿದೆ. ಒಳಗೆ ನಾನು ಸೈನ್ ಹಾಕದ ಅದೇ ಶಾಫ್ಟ್‌ಗಳನ್ನ ಮತ್ತೆ ಕಾಯಿಸೋಕೆ ಹಾಕ್ತಿದ್ರು.