ಫ್ಯಾನ್ ಮಾವನ ಅರ್ಧ ಡಿಗ್ರಿ

ಫ್ಯಾನ್ ಮಾವ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಮನುಷ್ಯನಲ್ಲ. ಇಪ್ಪತ್ತೆರಡು ವರ್ಷ ಹತ್ತಿರದಿಂದ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಯಾರೂ ವಾದಕ್ಕೆ ಬರಬೇಕಾಗಿಲ್ಲ. ಆತ ಚಹಾ ಚೆಲ್ಲಿದರೆ ಮೇಜು ಸರಿಯಿಲ್ಲ, ತಡವಾಗಿ ಬಂದರೆ ಗಡಿಯಾರ ಮುಂದಿದೆ, ಬಾಗಿಲಿಗೆ ತಲೆ ಬಡಿದುಕೊಂಡರೆ ಬಾಗಿಲು ಇಟ್ಟವನಿಗೆ ಕಣ್ಣಿಲ್ಲ.

ನಮ್ಮ ವಿಶ್ವವಿದ್ಯಾಲಯದ ವಿಮಾನ ವಿಭಾಗದಲ್ಲಿ ಒಂದು ಗಾಳಿ ಸುರಂಗವಿದೆ. ಹೆಸರು ಕೇಳಿ ಬೆಟ್ಟ ಕೊರೆದಿದ್ದಾರೆ ಎಂದುಕೊಳ್ಳಬೇಡಿ. ಬಸ್ಸಿನಷ್ಟು ಉದ್ದದ ತಗಡಿನ ಕೊಳವೆ, ಒಂದು ತುದಿಯಲ್ಲಿ ಆಳೆತ್ತರದ ಫ್ಯಾನು, ನಡುವೆ ಗಾಜಿನ ಕಿಟಕಿ. ಒಳಗೆ ಕಂಬದ ಮೇಲೆ ಮರದ ಪುಟ್ಟ ರೆಕ್ಕೆ ಕೂರಿಸಿ, ಗಾಳಿ ಅದನ್ನು ಎಷ್ಟು ಮೇಲಕ್ಕೆತ್ತುತ್ತದೆ ಎಂದು ಅಳೆಯುತ್ತೇವೆ. ಇದನ್ನು ನಡೆಸುವವನು ಫ್ಯಾನ್ ಮಾವ. ಬೀಗದ ಕೈ ಆತನ ಸೊಂಟದಲ್ಲಿ. ಹೆಸರು ಇಟ್ಟದ್ದು ವಿದ್ಯಾರ್ಥಿಗಳು, ಈಗ ಕುಲಪತಿಗಳೂ ಹಾಗೇ ಕರೆಯುತ್ತಾರೆ.

ಹೋದ ವರ್ಷ ಹೊಸ ನಿಯಮ ಬಂತು. ಸುರಂಗ ನಡೆಸುವವರು ಮೊದಲ ವರ್ಷದ ವಿಮಾನ ಶಾಸ್ತ್ರ ಪರಿಚಯದ ಕೋರ್ಸು ಪಾಸಾಗಿರಬೇಕು, ಇಲ್ಲದಿದ್ದರೆ ಬೀಗದ ಕೈ ಬೇರೆಯವರಿಗೆ. ಹೀಗೆ ನಲವತ್ತೊಂಬತ್ತರ ಮಾವ ಹದಿನೆಂಟರ ಮಕ್ಕಳ ಜೊತೆ ನನ್ನ ತರಗತಿಯ ಮುಂದಿನ ಬೆಂಚಿಗೆ ಬಂದು ಕೂತ. ಆ ಮಕ್ಕಳಲ್ಲಿ ಒಬ್ಬಳು ಆತನ ಸ್ವಂತ ಮಗಳು. ಅವಳು ಅಂದೇ ಕೊನೆಯ ಬೆಂಚಿಗೆ ವಲಸೆ ಹೋದಳು.

ಮೇಲೂ ಕೆಳಗೂ ಒಂದೇ ಥರ ಉಬ್ಬಿರುವ ರೆಕ್ಕೆಯನ್ನು ಗಾಳಿಗೆ ನೇರವಾಗಿ ಹಿಡಿದರೆ ಅದು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ನಾನು ಬೋರ್ಡಿನ ಮೇಲೆ ಬರೆದೆ.

"ಅದು ಪುಸ್ತಕದ ಗಾಳಿ ಮೇಡಂ. ನನ್ನ ಗಾಳಿ ಹಾಗಲ್ಲ," ಎಂದ ಮಾವ.

"ನಿನ್ನ ಗಾಳಿಗೆ ಪರೀಕ್ಷೆ ಇಲ್ಲ. ಬರ್ಕೋ."

ಹಿಂದಿನಿಂದ ಮಗಳು, "ಅಪ್ಪಾ, ಮಾನ ತೆಗೀಬೇಡ, ಕೂತ್ಕೋ!"

ಮಾವ ಹೇಳಿದ್ದರಲ್ಲಿ ಒಂದು ಸಂಗತಿಯಿತ್ತು. ನಮ್ಮ ಸುರಂಗದಲ್ಲಿ ಕೋನ ತೋರಿಸುವ ಮುಳ್ಳು ಸೊನ್ನೆಯಲ್ಲಿದ್ದಾಗಲೂ ಅಂಥದೇ ರೆಕ್ಕೆ ಚೂರು ಏಳುತ್ತಿತ್ತು. ಹದಿನೆಂಟು ವರ್ಷದಿಂದ ಕಿಟಕಿಯ ಪಕ್ಕ ಮಾವನ ಕೈಬರಹದ ಚೀಟಿ ಅಂಟಿಕೊಂಡಿತ್ತು: "ರೆಕ್ಕೆ ಸೊಟ್ಟ. ಅಷ್ಟು ಕಳೆದು ಬರೆಯಿರಿ. ಎಲ್ಲ ಬಡಗಿಯ ಕೃಪೆ." ಆ ರೆಕ್ಕೆ ಮಾಡಿದ ವಿಭಾಗದ ಬಡಗಿ ಮೊದಮೊದಲು ಜಗಳವಾಡಿದ. ವಿದ್ಯಾರ್ಥಿಗಳು ಆ ಚೀಟಿ ಓದಿ ನಗುವುದನ್ನು ಕೇಳಿ ಕೇಳಿ, ನಿವೃತ್ತನಾದ ಮೇಲೆ ಈ ಕಡೆ ತಲೆ ಹಾಕುವುದನ್ನೇ ಬಿಟ್ಟ. ನಾನೂ ತಲೆ ಕೆಡಿಸಿಕೊಳ್ಳದೆ ಕಳೆದು ಬರೆಸುತ್ತಲೇ ಬಂದೆ.

ಪ್ರಾಯೋಗಿಕ ಪರೀಕ್ಷೆಗೆ ಇಬ್ಬಿಬ್ಬರ ಜೋಡಿ. ಚೀಟಿ ಎತ್ತಿದಾಗ ಅಪ್ಪನಿಗೆ ಮಗಳೇ ಬಂದಳು. ಪರೀಕ್ಷೆಯ ಹಿಂದಿನ ಮಧ್ಯಾಹ್ನ ಇಬ್ಬರೂ ಅಭ್ಯಾಸಕ್ಕೆ ಬಂದರು. ನಾನು ಮೂಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ಅಪ್ಪಾ, ರೆಕ್ಕೇನ ತಲೆಕೆಳಗು ಕೂರಿಸೋಣ."

"ಯಾಕೆ, ತಲೆಕೆಳಗು ಕೂತು ಹೋಗೋ ಪ್ರಯಾಣಿಕರು ಯಾರಾದ್ರೂ ಸಿಕ್ಕಿದ್ದಾರಾ?"

"ರೆಕ್ಕೆನೇ ಸೊಟ್ಟ ಇದ್ರೆ, ತಿರುಗಿಸಿದಾಗ ಗಾಳಿ ಅದನ್ನ ಕೆಳಗೆ ತಳ್ಳಬೇಕು ತಾನೆ? ಮೇಡಂ ಹೇಳಿದ್ರಲ್ಲ. ನೀನು ಆವತ್ತೂ ವಾದ ಮಾಡ್ತಾ ಇದ್ದೆ."

ಕೂರಿಸಿದರು. ಫ್ಯಾನು ತಿರುಗಿತು. ರೆಕ್ಕೆ ಕೆಳಗಿಳಿಯಲಿಲ್ಲ, ಮೊದಲಿನಷ್ಟೇ ಮೇಲೆದ್ದಿತು. ಮಾವ ಬಿಚ್ಚಿ, ಬಿಗಿದು, ಮತ್ತೆ ಗಾಳಿ ಬಿಟ್ಟ. ಅದೇ ಅಂಕಿ. ಅಂದರೆ ರೆಕ್ಕೆ ನಿರಪರಾಧಿ.

ಮಗಳು ಫ್ಯಾನು ನಿಲ್ಲಿಸಿ, ರೆಕ್ಕೆ ತೆಗೆದು, ಅದು ಕೂರುವ ಚಪ್ಪಟೆ ಪೀಠದ ಮೇಲೆ ಮಟ್ಟ ನೋಡುವ ರಸಮಟ್ಟ ಇಟ್ಟಳು. ಮುಳ್ಳು ಸೊನ್ನೆಯಲ್ಲಿತ್ತು, ರಸಮಟ್ಟದ ಗುಳ್ಳೆ ಮಾತ್ರ ನಡುವೆ ನಿಲ್ಲದೆ ಪಕ್ಕಕ್ಕೆ ಸರಿದಿತ್ತು.

"ರಸಮಟ್ಟ ಹಳೇದು," ಎಂದ ಮಾವ.

ಅವಳು ಅದನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟಳು. ಗುಳ್ಳೆ ಪೀಠದ ಅದೇ ಬದಿಗೆ ಹೋಯಿತು. "ರಸಮಟ್ಟಾನೂ ಸರಿಯಾಗಿದೆ ಅಪ್ಪಾ. ಮುಳ್ಳೇ ಅರ್ಧ ಡಿಗ್ರಿ ಆಚೆ ಇದೆ."

ಆ ಹಿತ್ತಾಳೆ ಮುಳ್ಳನ್ನು ಕತ್ತರಿಸಿ, ಉಜ್ಜಿ, ಹದಿನೆಂಟು ವರ್ಷದ ಹಿಂದೆ ಅಲ್ಲಿ ಕೂರಿಸಿದವನು ಮಾವನೇ. ಯಾರನ್ನು ದೂರಬೇಕೆಂದು ಆತ ಕೋಣೆಯನ್ನೆಲ್ಲ ಒಮ್ಮೆ ನೋಡಿದ. ನಾನು ತಲೆ ತಗ್ಗಿಸಿ ತಿದ್ದುವುದನ್ನು ಮುಂದುವರಿಸಿದೆ.

ಮರುದಿನ ಹತ್ತಕ್ಕೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಸುರಂಗ ನಡೆಸುವವನೇ ಹದಿನೆಂಟು ವರ್ಷ ತಪ್ಪು ಕೋನ ತೋರಿಸಿದ್ದಾನೆ ಎಂದು ತಿಳಿದರೆ ಅವರು ಬೀಗದ ಕೈ ಉಳಿಸುತ್ತಾರೆಂದು ಯಾವ ಭರವಸೆ? ಸ್ಕ್ರೂ ಸಡಿಲಿಸಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಚೀಟಿ ಕಿತ್ತೆಸೆದರೆ ಸಾಕ್ಷಿಯೂ ಇರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಹೋದೆ. ಮಾವ ಆಗಲೇ ಬಂದಿದ್ದ, ಜೇಬಿನಲ್ಲಿ ಸ್ಕ್ರೂಡ್ರೈವರ್. ಮುಗಿಸಿದ್ದಾನೆ ಎಂದುಕೊಂಡು ಕನ್ನಡಕ ಏರಿಸಿ ಮುಳ್ಳನ್ನು ನೋಡಿದೆ. ಸ್ಕ್ರೂವಿನ ಮೇಲಿನ ಹಳೆಯ ಬಣ್ಣ ಬಿರುಕು ಬಿಟ್ಟಿರಲಿಲ್ಲ.

ಮುಳ್ಳು ಅರ್ಧ ಡಿಗ್ರಿ ತಪ್ಪು ಎಂದು ಅಪ್ಪ ಮಗಳು ಬರೆದುಕೊಟ್ಟ ವರದಿಯನ್ನು ಪರೀಕ್ಷಕರು ಓದಿ, "ಈ ಮುಳ್ಳು ಕೂರಿಸಿದ ಪುಣ್ಯಾತ್ಮ ಯಾರು?" ಎಂದರು.

ಮಗಳು ನೆಲ ನೋಡಿದಳು. "ಎದುರಿಗೇ ಇದ್ದೀನಿ ಸಾರ್," ಎಂದ ಮಾವ.

ಆತ ಬೇಕಾದ್ದಕ್ಕಿಂತ ಮೂರು ಅಂಕ ಹೆಚ್ಚಿಗೆ ತೆಗೆದು ಪಾಸಾದ. ನಾನು ಕೊಟ್ಟದ್ದರಲ್ಲಿ ದಾಕ್ಷಿಣ್ಯದ ಅಂಕ ಒಂದೂ ಇಲ್ಲ.

ಫಲಿತಾಂಶ ಬಂದ ಮಧ್ಯಾಹ್ನ ಸುರಂಗದ ಕೋಣೆಯಲ್ಲಿ ಹಳೆಯ ಬಡಗಿ ನಿಂತಿದ್ದ. ಮಾವನೇ ಹೋಗಿ ಕರೆತಂದಿದ್ದನಂತೆ. ಕಿಟಕಿಯ ಪಕ್ಕದ ಚೀಟಿಯಲ್ಲಿ "ರೆಕ್ಕೆ" ಹೊಡೆದು "ಮುಳ್ಳು" ಎಂದೂ, "ಬಡಗಿಯ" ಹೊಡೆದು "ನನ್ನ" ಎಂದೂ ಕೆಂಪು ಶಾಯಿಯಲ್ಲಿ ಬರೆದಿತ್ತು. ಬಡಗಿ ಅದನ್ನು ಎರಡು ಸಲ ಓದಿದ.

"ಅಕ್ಷರ ಸೊಟ್ಟಗಿದೆ," ಎಂದ.

"ಪೆನ್ನು ಸರಿಯಿಲ್ಲ," ಎಂದು ಮಾವ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮುಳ್ಳಿನ ಸ್ಕ್ರೂ ತೋರಿಸಿ, ಹಿಡಿಯ ಕಡೆ ಮುಂದೆ ಮಾಡಿ, ಬಡಗಿಯ ಕೈಗೆ ಕೊಟ್ಟ.