ತಟ್ಟದ ಬಾಗಿಲು

ಕೊರೊನಾ ಮುಗಿದು ಶಾಲೆಗಳು ಹಳಿಗೆ ಬಂದ ಹೊತ್ತಿನಲ್ಲಿ ನಾನು ಜೇವರ್ಗಿಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಆಗ ಒಂದು ಸ್ವಯಂಸೇವಾ ಸಂಸ್ಥೆಯವರು ತಮ್ಮ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಕ್ಕೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಂಯೋಜಕಿಯನ್ನಾಗಿ ನನ್ನನ್ನು ಆರಿಸಿದರು. ಜರ್ಮನಿಯ ಆರು ಮಕ್ಕಳು ಜನವರಿಯಲ್ಲಿ ಬಂದು ನಮ್ಮ ಆರು ಮಕ್ಕಳ ಮನೆಗಳಲ್ಲಿ ಎರಡು ವಾರ ಇರಬೇಕು. ಬೇಸಿಗೆ ರಜೆಯಲ್ಲಿ ನಮ್ಮವರು ಹೋಗಿ ಅವರ ಮನೆಗಳಲ್ಲಿ ಇರಬೇಕು. ಮೊದಲ ಭಾಗ ಸುಸೂತ್ರವಾಗಿ ಮುಗಿಸಿದ ಮನೆಯ ಮಗುವಿಗಷ್ಟೇ ಎರಡನೆಯ ಭಾಗದ ಪ್ರಯಾಣ.

ಆರು ಮಕ್ಕಳಲ್ಲಿ ನೆಲೋಗಿಯ ಮಹಾದೇವಿ ನನ್ನದೇ ಒಂಬತ್ತನೇ ತರಗತಿಯ ಹುಡುಗಿ. ಕಲಬುರಗಿ ದಾಟಿ ಎಲ್ಲಿಗೂ ಹೋದವಳಲ್ಲ. ಅಪ್ಪನ ಫೋನ್ ನೋಡಿಕೊಂಡು ಜರ್ಮನ್ ಅಂಕಿಗಳನ್ನು ನೂರರವರೆಗೆ ಬಾಯಿಪಾಠ ಮಾಡಿದ್ದಳು. ಎದುರು ಸಿಕ್ಕಾಗಲೆಲ್ಲ ಒಪ್ಪಿಸುವಳು. 'ಸಾಕ್ ಬಿಡವಾ, ಮೊದಲ ನಿನ್ನ ಗಣಿತದ ಅಂಕಿ ನೋಡ್ಕೊ' ಎಂದು ನಾನು ಗದರುತ್ತಿದ್ದೆ.

ಮನೆಗಳ ತರಬೇತಿ ನನ್ನ ಕೆಲಸ. ನಮ್ಮ ಕಡೆ ಮನೆಗೆ ಬೀಗರು ಬಂದರೆ ಅವರಿಗೆ ಉಸಿರಾಡಲೂ ಬಿಡುವುದಿಲ್ಲ. ತಟ್ಟೆಯಲ್ಲಿ ರೊಟ್ಟಿ ಮುಗಿಯುವ ಮೊದಲೇ ಮತ್ತೊಂದು ಬೀಳುತ್ತದೆ. ಮಲಗಿದವರ ಪಕ್ಕದಲ್ಲೂ ಒಬ್ಬರು ಕೂತಿರಬೇಕು, ಇಲ್ಲವೆಂದರೆ ಮರ್ಯಾದೆ ಕಡಿಮೆಯಾಯಿತು ಎಂದು ಅರ್ಥ. ಇದನ್ನೆಲ್ಲ ಬಿಡಿಸಬೇಕೆಂದು ನಾನು ಟೊಂಕ ಕಟ್ಟಿದೆ. ಮೂರು ಶನಿವಾರ ತಂದೆತಾಯಿಗಳನ್ನು ಶಾಲೆಗೆ ಕರೆಸಿ ಕೂಡಿಸಿ ಪಾಠ ಹೇಳಿದೆ. ಅತಿಥಿಯ ಕೋಣೆಗೆ ಒಳಗಿನಿಂದ ಚಿಲಕ ಇರಲೇಬೇಕು ಎಂದು ಸಂಸ್ಥೆಯ ನಿಯಮವಿತ್ತು. ಮಹಾದೇವಿಯ ಮನೆಯವರು ತೊಗರಿ ಚೀಲ ಇಡುವ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿದು, ಹೊಸ ಚಿಲಕ ಹಾಕಿಸಿದರು.

ಅವಳ ತಾಯಿ ನೀಲಮ್ಮ ಓದಿದವಳಲ್ಲ, ಆದರೆ ಪ್ರಶ್ನೆ ಕೇಳಲು ಹಿಂಜರಿಯುತ್ತಿರಲಿಲ್ಲ.

'ಬಾಗಲಾ ಹಾಕ್ಕೊಂಡು ಕುಂತ್ರ ಏನ್ ಮಾಡದ್ರಿ ಮೇಡಂ?'

'ತಾವಾಗೇ ತೆಗೀತಾರ. ನೀವ್ ತಟ್ಟಬ್ಯಾಡ್ರಿ. ಅವರ ಕಡಿ ಅದು ಸರಿ ಅನ್ಸಂಗಿಲ್ಲ.'

'ಪರದೇಶದ ಕೂಸರಿ. ಒಬ್ಬಾಕೀನ ಹ್ಯಾಂಗ ಬಿಡಬೇಕ್ರಿ?'

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಿಯಮವನ್ನು ಆಕೆಯ ಬಾಯಿಂದಲೇ ಎರಡು ಸಲ ಹೇಳಿಸಿದೆ.

ಆ ಮನೆಗೆ ಬಂದವಳು ಲೀನಾ, ಹದಿನೈದರ ಹುಡುಗಿ. ನಾಲ್ಕು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಭಾನುವಾರ ಆರೂ ಜೋಡಿಗಳನ್ನು ಘತ್ತರಗಿಗೆ ಕರೆದುಕೊಂಡು ಹೋಗಿ ಭೀಮಾ ನದಿ ತೋರಿಸಿದೆ. ದಾರಿಯಲ್ಲಿ ಮಕ್ಕಳು ಐಸ್ ಹಾಕಿದ ಕಬ್ಬಿನ ಹಾಲು ಕುಡಿದರು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಮಹಾದೇವಿ ತಂದೆಯ ಜೊತೆ ಪಾಸ್‌ಪೋರ್ಟ್ ಕೆಲಸಕ್ಕೆ ಕಲಬುರಗಿಯ ಬಸ್ಸು ಹತ್ತಿದಳು. ಮನೆಯಲ್ಲಿ ಉಳಿದವರು ನೀಲಮ್ಮ ಮತ್ತು ಲೀನಾ. ಕೋಣೆಯ ಬಾಗಿಲು ಹಾಕಿತ್ತು. ನೀಲಮ್ಮ ಹೊರಗೆ ನೆಲದ ಮೇಲೆ ಕೂತಳು. ಉಪ್ಪಿಟ್ಟು ಆರಿತು, ಮತ್ತೆ ಬಿಸಿ ಮಾಡಿದಳು, ಮತ್ತೆ ಆರಿತು. ಒಳಗಿನಿಂದ ಒಂದೆರಡು ಸಲ ವಾಂತಿ ಮಾಡಿದಂಥ ಸದ್ದು ಕೇಳಿ ಎದ್ದು ನಿಂತಳಂತೆ, ಮತ್ತೆ ಕೂತಳಂತೆ.

ಹನ್ನೆರಡರ ಸುಮಾರಿಗೆ ಪಕ್ಕದ ಮನೆಯವರ ಫೋನಿನಿಂದ ನನಗೆ ಕರೆ ಮಾಡಿದಳು. ನಾನು ಹತ್ತನೇ ತರಗತಿಯಲ್ಲಿ ಪಾಠದ ನಡುವೆ ಇದ್ದೆ.

'ಮೇಡಂರಿ, ಹುಡುಗಿ ಇನ್ನಾ ಎದ್ದಿಲ್ರಿ. ಬಾಗಲಾ ಬಡೀಲೇನ್ರಿ?'

'ಎಷ್ಟ್ ಸಲ ಹೇಳಬೇಕ್ರಿ ನಿಮಗ? ನಿನ್ನೆ ತಿರುಗಾಡಿ ದಣದಾಳ. ಮಲಗಲಿ ಬಿಡ್ರಿ, ತಟ್ಟಬ್ಯಾಡ್ರಿ.'

ಆಕೆ ಇನ್ನೇನೋ ಹೇಳುವವಳಿದ್ದಳು. ನಾನು ಫೋನ್ ಇಟ್ಟೆ.

ನಾಲ್ಕು ಗಂಟೆಗೆ ಮಹಾದೇವಿ ಮತ್ತು ಅವಳ ತಂದೆ ಮರಳಿದರು. ಕೂಗಿದರೆ ಉತ್ತರವಿಲ್ಲ. ತಂದೆ ಭುಜ ಕೊಟ್ಟು ಚಿಲಕ ಮುರಿದ. ವಾಂತಿಭೇದಿಯಿಂದ ಮೈಯ ನೀರೆಲ್ಲ ಹೋಗಿ ಲೀನಾ ನೆಲದ ಮೇಲೆ ಅರೆಪ್ರಜ್ಞೆಯಲ್ಲಿ ಬಿದ್ದಿದ್ದಳು. ಜೇವರ್ಗಿಯಲ್ಲಿ ಸಲೈನ್ ಹಚ್ಚಿಸಿ ಅಲ್ಲಿಂದ ಕಲಬುರಗಿಗೆ ಸಾಗಿಸಿದೆವು. ಇನ್ನೊಂದೆರಡು ತಾಸು ತಡವಾಗಿದ್ದರೆ ಕಿಡ್ನಿಗೆ ತೊಂದರೆಯಾಗುತ್ತಿತ್ತು ಎಂದರು ಡಾಕ್ಟರು. ಮೂರನೆಯ ದಿನ ಹುಡುಗಿ ಎದ್ದು ಕೂತಳು.

ಕೂಗಲಿಲ್ಲ ಯಾಕೆ ಎಂದು ಕೇಳಿದೆ. ಭಾರತದ ಮನೆಗಳಲ್ಲಿ ಅತಿಥಿಯನ್ನು ಒಬ್ಬಳನ್ನೇ ಬಿಡುವುದಿಲ್ಲ, ಕರೆಯದೆಯೂ ಒಳಗೆ ಬರುತ್ತಾರೆ, ಬೇಸರ ಮಾಡಿಕೊಳ್ಳಬೇಡ ಎಂದು ಅವಳ ಟೀಚರು ಹೇಳಿ ಕಳಿಸಿದ್ದರಂತೆ. ಚಿಲಕ ತೆಗೆಯಲು ಹೋಗಿ ಕುಸಿದು ಬಿದ್ದ ಮೇಲೆ, ಬಾಗಿಲಾಚೆ ನೀಲಮ್ಮನ ಬಳೆಯ ಸದ್ದು ಕೇಳುತ್ತಿದ್ದುದರಿಂದ, ಈಗ ಬರುತ್ತಾರೆ ಎಂದು ಕಾದಳಂತೆ. ಅಲ್ಲಿನ ಟೀಚರು ತಮ್ಮ ಪಾಠ ಸರಿಯಾಗಿ ಮಾಡಿದ್ದರು, ಇಲ್ಲಿ ನಾನು ನನ್ನದನ್ನು ಮಾಡಿದ್ದೆ. ನಡುವೆ ಆ ಕೂಸು ಬಿದ್ದುಕೊಂಡಿತ್ತು.

ವಾರದೊಳಗೆ ಸಂಸ್ಥೆ ನನ್ನಿಂದ ಘಟನಾ ವರದಿ ಕೇಳಿತು. ಅದರಲ್ಲೊಂದು ಪ್ರಶ್ನೆ: ಕುಟುಂಬವು ಸಂಯೋಜಕರನ್ನು ಸಂಪರ್ಕಿಸಿತ್ತೇ? ಹೌದಾದರೆ ಏನು ಸೂಚನೆ ಕೊಡಲಾಯಿತು? ಸಂಯೋಜಕಿಯ ತಪ್ಪೆಂದಾದರೆ ಉಳಿದ ಐವರ ಪ್ರಯಾಣವೂ ನಿಂತೀತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಮೆಮೊ ಸಹ ಪಡೆಯದವಳೆಂಬ ಜಂಬ ನನಗಿತ್ತು. ನಿಜವಾಗಿ ಉಳಿಸಿಕೊಳ್ಳಬೇಕಿದ್ದುದು ಅದನ್ನು. 'ಸಂಪರ್ಕಿಸಿರಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಕುಟುಂಬದ ಅಲಕ್ಷ್ಯ ಎಂದು ತೀರ್ಮಾನವಾಯಿತು. ಮಹಾದೇವಿಯ ಹೆಸರು ಪಟ್ಟಿಯಿಂದ ಹೋಯಿತು, ಉಳಿದ ಐವರು ಮೇ ತಿಂಗಳಲ್ಲಿ ವಿಮಾನ ಹತ್ತಿದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಆ ಹುಡುಗಿ.

ಆ ಐವರು ಹೊರಡುವ ಮುನ್ನ ನೀಲಮ್ಮ ಮಗಳೊಂದಿಗೆ ನನ್ನ ಮನೆಗೆ ಬಂದಳು. ಲೀನಾಳಿಗೆ ಮುಟ್ಟಿಸಿರೆಂದು ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟಳು. ಫೋನಿನ ಮಾತು ಎತ್ತಿಯೇ ಎತ್ತುತ್ತಾಳೆಂದು ಕಾದೆ. ಎತ್ತಿದಳು.

'ನಾ ಫೋನ್ ಹಚ್ಚಿದಾಗ ನೀವ್ ಸಾಲ್ಯಾಗ ಇದ್ರಿ ಮೇಡಂ, ನಿಮಗ ಹ್ಯಾಂಗ ಕಾಣಬೇಕ್ರಿ. ಬಾಗಲ ಮುಂದ ಕುಂತಾಕಿ ನಾ. ತಾಯಿ ಆದಾಕಿಗಿ ತಿಳೀಬೇಕಿತ್ರಿ. ನನ್ನ ತಪ್ಪಿಗಿ ಈಕೀಗಿ ಶಿಕ್ಷಾ ಆತು.'

ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಚಹಾ ಸೋಸುತ್ತ ನಿಂತೆ. ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಪಟ್ಟಿಯಿಂದ ಕೈಬಿಟ್ಟ ಪತ್ರವನ್ನು ಮನೆಯವರಿಗೆ ಓದಿ ಹೇಳಿದವಳು ಅವಳೇ. ಕುಟುಂಬ ಸಂಯೋಜಕಿಯನ್ನು ಸಂಪರ್ಕಿಸಿರಲಿಲ್ಲ ಎಂಬ ಕಾರಣವೂ ಅದರಲ್ಲಿತ್ತು. ಆ ಸಾಲನ್ನು ಅವ್ವನಿಗೆ ಓದಿ ಹೇಳಿದ್ದಳೋ ಇಲ್ಲವೋ.

'ಅವ್ವಾ, ನಡಿ. ಬಸ್ಸಿಗಿ ಹೊತ್ತಾತು' ಎಂದಳು. ಚಹಾ ಕುಡಿಯಲಿಲ್ಲ.

ಬೇರೆಯವರ ರೀತಿನೀತಿ ಕಲಿಸುವ ಭರದಲ್ಲಿ ಮನೆಯವರಿಗೆ ಮೊದಲೇ ಗೊತ್ತಿರುವುದನ್ನು ಮರೆಸಬಾರದು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಅದಕ್ಕಿಂತ ದೊಡ್ಡ ಪಾಠ ಕಲಿಯಲು ನಿವೃತ್ತಿಯವರೆಗೂ ನನಗೆ ಧೈರ್ಯ ಸಾಲಲಿಲ್ಲ. ಯಾರಿಗೂ ಉಪಯೋಗವಿಲ್ಲದ ಈ ಹೊತ್ತಿನಲ್ಲಿ, ಆ ವರದಿಯ ಉತ್ತರವನ್ನು ಇಲ್ಲಿ ತಿದ್ದುತ್ತಿದ್ದೇನೆ. ಹೌದು, ಕುಟುಂಬ ಸಂಪರ್ಕಿಸಿತ್ತು. ಬಾಗಿಲು ಬಡಿಯಲೇ ಎಂದು ಆ ತಾಯಿ ಕೇಳಿದ್ದಳು. ಬೇಡ ಅಂದವಳು ನಾನು.